ಬಾಗಿಲ ಪಕ್ಕದ ಕುರ್ಚಿ

ಅಪ್ಪಾ,

ಎಲ್ಲಿದ್ದೀರೋ, ವಿಳಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಇವತ್ತು ತುಂಬಾ ಸಾಕಾಗಿದೆ.

ಬೀದಿಯಲ್ಲಿ ಮಲಗುವವರ ಆಶ್ರಯಧಾಮದಲ್ಲಿ ನಾನೀಗ ಮನಶ್ಶಾಸ್ತ್ರಜ್ಞೆ. ಮಾತಾಡಿಸುವ ಕೋಣೆಯಲ್ಲಿ, ಏನಾದರೂ ಆದರೆ ತಕ್ಷಣ ಹೊರಗೆ ಹೋಗಲೆಂದು, ಬಾಗಿಲ ಪಕ್ಕದ ಕುರ್ಚಿ ಯಾವಾಗಲೂ ಸಿಬ್ಬಂದಿಯಾದ ನಮ್ಮದೇ. ಬಂದವರು ಒಳಗೆ, ಗೋಡೆಯ ಕಡೆ ಕೂರಬೇಕು. ಹಿರಿಯರೊಬ್ಬರು ಮೂರು ವಾರದಿಂದ ಹೊಸ್ತಿಲಲ್ಲೇ ನಿಂತು ವಾಪಸ್ಸಾಗುತ್ತಿದ್ದರು. ‘ಸಹಕರಿಸುತ್ತಿಲ್ಲ’ ಎಂದು ಫೈಲಿನಲ್ಲಿ ಬರೆದಿದ್ದೆ. ಇವತ್ತು ನಿಯಮ ಹಾಳಾಗಲಿ ಎಂದು ನಾನೇ ಎದ್ದು ಗೋಡೆಯ ಕಡೆ ಕೂತೆ. ಅವರು ಬಂದು ನನ್ನ ಕುರ್ಚಿಯ ಅಂಚಿನಲ್ಲಿ ಕೂತರು.

“ಎದ್ದು ಹೋಗ್ಬೋದು ಅಂತ ಗೊತ್ತಿದ್ರೆ ಕೂತ್ಕೋಬೋದಮ್ಮಾ,” ಎಂದರು. ಆಮೇಲೆ ಒಂದು ಗಂಟೆ ಮಾತಾಡಿದರು.

ನೀವು ಮನೆ ಬಿಟ್ಟಿದ್ದು ಯಾಕೆಂದು ಎಲ್ಲರೂ ಕೇಳುತ್ತಾರೆ. ಕಾಯಿಲೆ ಎನ್ನುತ್ತೇನೆ. ನಿಮ್ಮ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದದ್ದು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ, ನಾನೇ ಎಂದು ನಾನೂ ಹೇಳುವುದಿಲ್ಲ.