ಸಾಹೇಬನ ಎಡಗಿವಿ

ಭಾನುವಾರ, ಮಧ್ಯಾಹ್ನ

ಅಪ್ಪನ ಅಕ್ಕನೂ, ವಸತಿ ಶಾಲೆಯ ಹುಡುಗರ ನಿದ್ದೆ ಕೆಡಿಸುವ ವಾರ್ಡನ್ನೂ ಆದ ಪ್ರೀತಿಯ ಅತ್ತೆಗೆ,

ನಿಮ್ಮ ಸೋದರಸೊಸೆ ಅತ್ಯಂತ ಗಾಂಭೀರ್ಯದಿಂದ ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ನನ್ನ ತಮ್ಮನಿಗಾಗಿ ನಿಮ್ಮ ಶಾಲೆಯಲ್ಲಿ ಹಿಡಿದಿಟ್ಟಿರುವ ಜಾಗವನ್ನು ಬೇರೆ ಯಾವನಾದರೂ ಪುಂಡನಿಗೆ ಕೊಟ್ಟುಬಿಡಿ. ಈ ಪತ್ರವನ್ನು ಅಪ್ಪ ಬರೆಯಬೇಕಿತ್ತು. ಬೆಳಿಗ್ಗೆಯಿಂದ ಕೂತು "ಅಕ್ಕಾ" ಎಂದು ಬರೆದರು, ಅದರ ಕೆಳಗೆ ಒಂದು ಗೆರೆ ಎಳೆದರು, ಪೆನ್ನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ಹೀಗಾಗಿ ಮನೆಯ ಸಮಸ್ತ ಅಧಿಕಾರ ಸದ್ಯಕ್ಕೆ ನನ್ನಲ್ಲಿದೆ.

ಅವನನ್ನು ಯಾಕೆ ನಿಮ್ಮಲ್ಲಿಗೆ ಸಾಗಹಾಕಲು ಹೊರಟಿದ್ದೆವು ಎಂಬುದು ನಿಮಗೆ ಗೊತ್ತೇ ಇದೆ. ಅಮ್ಮ ಕರೆದರೆ ಓಡೋಡಿ ಬರುತ್ತಾನೆ. ಅಪ್ಪ ಕರೆದರೆ ತಿರುಗಿಯೂ ನೋಡುವುದಿಲ್ಲ. ಊಟದ ಮೇಜಿನಲ್ಲಿ ಅಪ್ಪ ಪಕ್ಕದಲ್ಲೇ ಕೂತು ಉಪ್ಪು ಕೇಳಿದರೂ ಅವನದು ತಟ್ಟೆಯ ಮೇಲೆಯೇ ಧ್ಯಾನ. "ಸಾಹೇಬ" ಎಂಬ ಬಿರುದು ಕೊಟ್ಟವಳು ನಾನೇ. ಒಂಬತ್ತು ವರ್ಷಕ್ಕೇ ಇಷ್ಟು ಸೊಕ್ಕಿರುವವನನ್ನು ಅಕ್ಕನ ಕೈಗೊಪ್ಪಿಸಿದರೆ ಸರಿಹೋಗುತ್ತಾನೆ ಎಂದು ಅಪ್ಪ ತೀರ್ಮಾನಿಸಿದರು.

ಸೇರಿಸಿಕೊಳ್ಳುವ ಮುಂಚೆ ಪೂರ್ತಿ ತಪಾಸಣೆ ಆಗಿರಬೇಕು ಎಂದು ನಿಮ್ಮ ಶಾಲೆಯವರು ಹಟ ಹಿಡಿದರಲ್ಲ, ಅದಕ್ಕೆ ಅಪ್ಪ ಗೊಣಗಿದ್ದೇ ಗೊಣಗಿದ್ದು. ಚೆನ್ನಾಗಿರುವ ಮಕ್ಕಳನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಕೆಲಸವಿಲ್ಲದವರ ಕೆಲಸ ಎಂಬುದು ಅವರ ಸಿದ್ಧಾಂತ. ಅವರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಮಾತ್ರ "ಓಡುವ ಗಡಿಯಾರವನ್ನೂ ವರ್ಷಕ್ಕೊಮ್ಮೆ ತೋರಿಸಿ" ಎಂದು ದಪ್ಪಕ್ಷರದ ಬೋರ್ಡು. ಸಾಹೇಬನಿಗೆ ಚಿಕ್ಕಂದಿನ ಲಸಿಕೆಗಳಾದ ಮೇಲೆ ಜ್ವರ ಬಂದಾಗ ಬಿಟ್ಟರೆ ಆಸ್ಪತ್ರೆಯ ಮುಖ ಗೊತ್ತಿಲ್ಲ. ಶಾಲೆಗೆ ಸೇರುವ ವಯಸ್ಸಿನಲ್ಲಿ ಆಗಬೇಕಿದ್ದ ಕಣ್ಣು, ಕಿವಿಯ ಪರೀಕ್ಷೆ ಆಗಲೇ ಇಲ್ಲ.

ಒಂದೇ ಓಡಾಟದಲ್ಲಿ ಇಬ್ಬರದೂ ಮುಗಿಯಲಿ ಎಂದು ಅಮ್ಮ ನನ್ನನ್ನೂ ಎಳೆದುಕೊಂಡು ಹೋದಳು. ನನ್ನ ಎತ್ತರ, ತೂಕ, ರಕ್ತದೊತ್ತಡ ನೋಡಿದರು, ಬಾಕಿಯಿದ್ದ ಲಸಿಕೆ ಚುಚ್ಚಿದರು, ಮುಂದಕ್ಕೆ ಬಗ್ಗಿಸಿ ಬೆನ್ನುಮೂಳೆ ನೆಟ್ಟಗಿದೆ ಎಂದರು. ಇವಳಲ್ಲಿ ನೆಟ್ಟಗಿರುವುದು ಅದೊಂದೇ ಎಂದು ಅಮ್ಮ ಸೇರಿಸಿದಳು. ಆಮೇಲೆ ಡಾಕ್ಟರಮ್ಮ ಅಮ್ಮನನ್ನು ಹೊರಗೆ ಕೂರಿಸಿ ನನ್ನೊಬ್ಬಳ ಹತ್ತಿರ ಮಾತಾಡಿದರು. ನನ್ನ ವಯಸ್ಸಿನವರ ಜೊತೆ ಹಾಗೆ ಮಾತಾಡುವುದು ಪದ್ಧತಿಯಂತೆ. ಏನು ಕೇಳಿದರು ಎಂದು ಅಮ್ಮ ಇನ್ನೂ ಕೆದಕುತ್ತಿದ್ದಾಳೆ. ರಾಜ್ಯರಹಸ್ಯ ಅಂದಿದ್ದೇನೆ.

ಸಾಹೇಬನ ಕಣ್ಣು, ಹಲ್ಲು ಸರಿಯಿದ್ದವು. ಕಿವಿ ನೋಡಲು ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಬಂದಾಗೆಲ್ಲ ಕೈ ಎತ್ತು ಎಂದರು. ಬಲಗಡೆಯ ಸದ್ದಿಗೆಲ್ಲ ಟಕ್ಕನೆ ಕೈ ಎತ್ತಿದ. ಎಡಗಡೆಗೆ ಬಂದಾಗ ಕೈ ತೊಡೆಯ ಮೇಲೆಯೇ ಇತ್ತು. ತಮಾಷೆ ಸಾಕು ಎಂದು ನಾನು ಗಾಜಿನಾಚೆಯಿಂದ ಕಣ್ಣು ಕೆಕ್ಕರಿಸಿದೆ. ನರ್ಸ್ ಅಕ್ಕನಿಗೆ ಯಂತ್ರದ ಮೇಲೆಯೇ ಅನುಮಾನ ಬಂದು ಹೆಡ್‌ಫೋನನ್ನು ತಿರುಗಿಸಿ ಹಾಕಿದರು. ಆಗಲೂ ಎಡಗಿವಿಯ ಸರದಿಯಲ್ಲಿ ಕೈ ಏಳಲಿಲ್ಲ.

ಹೊರಗೆ ಬಂದವನು ಅಮ್ಮನನ್ನು ಕೇಳಿದ: "ಅಮ್ಮಾ, ನಿಮ್ಗೆಲ್ಲ ಎರಡೂ ಕಡೆಯಿಂದ ಕೇಳ್ಸುತ್ತಾ?"

ಅಮ್ಮ ಅವನ ಕೈ ಹಿಡಿದುಕೊಂಡು ನೇರ ಡಾಕ್ಟರಮ್ಮನ ಹತ್ತಿರ ಹೋದಳು.

ಎಡಗಿವಿ ಹೆಚ್ಚೂಕಡಿಮೆ ಕೇಳಿಸುತ್ತಿಲ್ಲ ಎಂದರು ಡಾಕ್ಟರಮ್ಮ. ಯಾವಾಗಿನಿಂದ ಎಂದು ಹೇಳಲಾಗದು. ಕಿವಿಯ ತಜ್ಞರು ನೋಡಬೇಕು, ಶ್ರವಣಯಂತ್ರದಿಂದ ಅನುಕೂಲವಾಗಬಹುದು, ತರಗತಿಯಲ್ಲಿ ಬಲಗಿವಿ ಟೀಚರ ಕಡೆ ಇರುವಂತೆ ಮುಂದೆ ಕೂರಿಸಬೇಕು. ಒಂದು ಕಿವಿ ಚೆನ್ನಾಗಿರುವ ಮಕ್ಕಳು ಹೇಗೋ ನಿಭಾಯಿಸಿಕೊಂಡುಬಿಡುತ್ತಾರಂತೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲವಂತೆ. ಅದಕ್ಕೇ ಮಕ್ಕಳು ಚೆನ್ನಾಗಿದ್ದಾಗಲೂ ಕರೆತನ್ನಿ ಅನ್ನುವುದು ಎಂದರು.

ಊಟದ ಮೇಜಿನಲ್ಲಿ ಸಾಹೇಬನ ಬಲಕ್ಕೆ ಅಮ್ಮ, ಎಡಕ್ಕೆ ಅಪ್ಪ. ಅವನು ಕುರ್ಚಿ ಏರುವಷ್ಟಾದಾಗಿನಿಂದ ಅದೇ ಜಾಗ.

ಸಂಜೆ ಅಂಗಡಿ ಮುಚ್ಚಿ ಬಂದ ಅಪ್ಪ, ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಜೇಬಿನಿಂದ ಯಾರದೋ ಕೈಗಡಿಯಾರ ತೆಗೆದು ಸಾಹೇಬನ ಎಡಗಿವಿಗೆ ಹಿಡಿದರು. ಅವನು ಸುಮ್ಮನೆ ನಿಂತಿದ್ದ. ಬಲಗಿವಿಗೆ ಹಿಡಿದರು. "ಓಡ್ತಿದೆ ಅಪ್ಪ" ಅಂದ. ಅಪ್ಪ ಅದರ ಗಾಜನ್ನು ಬಟ್ಟೆಯಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದರು; ಗಾಜು ಶುಭ್ರವಾಗಿಯೇ ಇತ್ತು. ಊಟಕ್ಕೆ ಕರೆದಾಗ ತಮ್ಮ ಕುರ್ಚಿಯನ್ನು ತಾವೇ ಎತ್ತಿ ಬಲಗಡೆಗೆ ಹಾಕಿಕೊಂಡರು. ಅಮ್ಮ ಎದುರಿಗೆ ಹೋದಳು. ಉಪ್ಪು ಕೇಳಿದರು. ಸಾಹೇಬ ಕೊಟ್ಟ. ಇಷ್ಟೇ ನಡೆದದ್ದು.

ಆದ್ದರಿಂದ ಸೊಕ್ಕು ಇಳಿಸುವ ಕೆಲಸ ರದ್ದಾಗಿದೆ. ತಜ್ಞರ ಹತ್ತಿರ ಓಡಾಡಬೇಕು, ಅವನು ಮನೆಯಲ್ಲೇ ಇರಲಿ. ನಿಮಗೆ ಯಾರಾದರೂ ಬೇಕೇ ಬೇಕೆಂದರೆ ನನ್ನನ್ನು ಕಳಿಸುವುದಾಗಿ ಅಮ್ಮ ಹೇಳಿದ್ದಾಳೆ. ದಯವಿಟ್ಟು ಜಾಗವಿಲ್ಲ ಎಂದು ಬರೆಯಿರಿ.

ಇಂತಿ,
ನೆಟ್ಟನೆಯ ಬೆನ್ನಿನ ನಿಮ್ಮ ಸೋದರಸೊಸೆ

ತಾ.ಕ.: ನಿಮ್ಮಲ್ಲಿಗೆ ಬರಲು ಸಾಹೇಬ ಒಂದು ಮಾತೂ ಆಡದೆ ಒಪ್ಪಿದ್ದನಲ್ಲ, ಯಾಕೋ ಎಂದು ನಿನ್ನೆ ಬಲಗಡೆಯಿಂದ ಕೇಳಿದೆ. "ಅಪ್ಪಂಗೆ ನಾನಂದ್ರೆ ಆಗಲ್ಲ ಕಣೇ. ಯಾವಾಗ್ಲೂ ಕಿರುಚೇ ಕರೀತಾರೆ, ಮೆಲ್ಲಗೆ ಒಂದ್ಸಲನೂ ಕರೆದಿಲ್ಲ" ಅಂದ. ಮೆಲ್ಲಗೆ ಕರೆದದ್ದೆಲ್ಲ ಎಡಗಡೆಯಿಂದ, ಅತ್ತೆ. ಇದನ್ನು ಅಪ್ಪನಿಗೆ ನಾನು ಹೇಳಿಲ್ಲ. ನೀವು ಬಂದಾಗ ಹೇಳಿ. ಕಾಗದದಲ್ಲಿ ಬೇಡ, ಪಕ್ಕದಲ್ಲಿ ಕೂತು.