ಎದುರಂಗಡಿಯವನಿಗೆ ಬಂದ ಟೈರು

ಎನ್‌ಕಾರ್ನಸಿಯೊನ್, ಮಾರ್ಚ್ 14, ಶುಕ್ರವಾರ

ಮಲಗುವ ಬದಲು ಇದನ್ನು ಬರೆಯುತ್ತಾ ಕೂತಿದ್ದೇನೆ.

ನಮ್ಮ ಕಾರು ಅಂಗಡಿಯ ಪುಟವನ್ನು ಫಾಲೋ ಮಾಡಿದವರಲ್ಲಿ ಒಬ್ಬರಿಗೆ ನಾಲ್ಕು ಹೊಸ ಟೈರು ಕೊಡೋಣ ಎಂದವಳು ನಾನೇ. ಸಂಜೆ ಲೈವ್‌ನಲ್ಲಿ ಎಲ್ಲರ ಕಣ್ಣೆದುರು ಚೀಟಿ ಎತ್ತಿ ಓದಿದೆ. ಬಂದದ್ದು ರಸ್ತೆಯಾಚೆಯ ಕಾರು ಅಂಗಡಿಯ ಸೇಲ್ಸ್‌ಮನ್ ಎವೆಲಿಯೊನ ಹೆಸರು.

ನಮ್ಮ ಅಂಗಡಿಯ ಯಜಮಾನರು ದೋನ್ ಅರ್ಸೆನಿಯೊ ಕ್ಯಾಮೆರಾದ ಹಿಂದಿನಿಂದ ಪಿಸುಗುಟ್ಟಿದರು: "ಇನ್ನೊಂದು ಚೀಟಿ ಎತ್ತಮ್ಮ. ಎದುರಂಗಡಿಯವನಿಗೆ ಯಾರಾದ್ರೂ ಟೈರ್ ಕೊಡ್ತಾರಾ?"

"ಹೆಸರು ಓದಾಯ್ತು, ದೋನ್. ಈಗ ಬದಲಾಯಿಸಿದ್ರೆ ನಮ್ಮನ್ನ ಯಾರೂ ನಂಬಲ್ಲ," ಎಂದೆ. ಲೈವ್ ಇನ್ನೂ ನಡೆಯುತ್ತಿತ್ತು, ಮಾತು ನೋಡುವವರಿಗೆಲ್ಲ ಕೇಳಿಸಿತು. ಕೆಲಸ ಹೋಯಿತೆಂದುಕೊಂಡೆ.

ಅಷ್ಟರಲ್ಲಿ ಎವೆಲಿಯೊ ತನ್ನ ಅಂಗಡಿಯ ಹೆಸರಿದ್ದ ಅಂಗಿಯಲ್ಲೇ ರಸ್ತೆ ದಾಟಿ ಬಂದ. ಟೈರಿನ ಮೇಲೆ ಕೂತು ಕ್ಯಾಮೆರಾ ಕಡೆ ತಿರುಗಿದ. "ನಮ್ಮಲ್ಲಿ ಬಹುಮಾನ ಯಾವಾಗ್ಲೂ ಯಜಮಾನರ ಭಾಮೈದಂಗೇ ಹೋಗತ್ತೆ. ಇಲ್ಲಿ ಹಂಗಲ್ಲ ನೋಡ್ರಪ್ಪ."

ಆಮೇಲೆ ನಮ್ಮ ಪುಟಕ್ಕೆ ಜನ ಮುಗಿಬಿದ್ದರು. ದೋನ್ ಅರ್ಸೆನಿಯೊ ಎವೆಲಿಯೊನಿಗೆ ತಣ್ಣನೆ ತೆರೆರೆ ಚಹಾ ಕುಡಿಸಿದರು. ನನ್ನ ಮುಖ ನೋಡದೆ, "ಇನ್ಮೇಲೆ ಚೀಟಿ ಎತ್ತೋದು ನೀನೇ," ಎಂದರು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಟೈರ್ ಗೆದ್ದೋನು ಅವನು, ನೀನ್ಯಾಕೆ ಇಷ್ಟು ಬೀಗ್ತೀಯೇ?" ಎಂದಳು.

ಇವತ್ತೊಂದು ರಾತ್ರಿ ಬೀಗುತ್ತೇನೆ. ನಾಳೆ ಹೇಗೂ ಅಂಗಡಿ ತೆರೆದರೆ ಎವೆಲಿಯೊ ಮತ್ತೆ ನಮ್ಮ ಎದುರಾಳಿಯೇ.