ಮೂರನೇ ಹಾಡಿನಲ್ಲಿರುವ ದನಿ

ಮಲ್ಲಂದೂರು
ಗುರುವಾರ, ನವೆಂಬರ್ 20, 2025

ಮಗಳೇ ಭುವನಾ,

ಆಶೀರ್ವಾದಗಳು. ಕೋಪದಲ್ಲೇ ಬರೆಯಲು ಕೂತಿದ್ದೇನೆ, ಮುಗಿಯುವಷ್ಟರಲ್ಲಿ ಏನಾಗುತ್ತದೋ ಗೊತ್ತಿಲ್ಲ. ನಾಳೆ ನಿನ್ನ ಅಪ್ಪಾಜಿ ಚಿಕ್ಕಮಗಳೂರಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಸೋಮವಾರ ಅವರು ಅಂಗಡಿಯಿಂದ ಬಂದವರೇ ಮೊಬೈಲಿನಲ್ಲಿ ನಿಮ್ಮ ಬ್ಯಾಂಡಿನ ಪೋಸ್ಟರ್ ತೋರಿಸಿದರು. ಭಾನುವಾರ ನಿಮ್ಮ ಮೊದಲ ಆಲ್ಬಂ ಬಿಡುಗಡೆ, ಜೊತೆಗೆ ವೇದಿಕೆಯಲ್ಲಿ ನಿಮ್ಮ ಹಾಡುಗಾರಿಕೆ. ನಿಮ್ಮ ನಾಲ್ವರ ಹೆಸರಿನ ಕೆಳಗೆ ‘ಜೊತೆಯಲ್ಲಿ ಹಾಡುವವರು: ಪ್ರೇಮಕುಮಾರಿ’ ಎಂದಿತ್ತು. ಎರಡು ವರ್ಷದಿಂದ ಮಾತು ಬಿಟ್ಟ ತಾಯಿಯ ಹೆಸರನ್ನು ಕೇಳದೆ ಹಾಕಿಸುವ ಧೈರ್ಯ ನಿನಗೆಲ್ಲಿಂದ ಬಂತು? ಮೈಯೆಲ್ಲ ಉರಿದುಹೋಯಿತು. ಏನು ಮಾಡಿದ್ದೀರೋ ನೋಡಿಯೇಬಿಡೋಣ ಎಂದು, ನೀನು ಅವರಿಗೆ ಮೊದಲೇ ಕಳಿಸಿದ್ದ ಹಾಡುಗಳನ್ನು ಹಚ್ಚಿ ಇಯರ್‌ಫೋನ್ ಹಾಕಿಕೊಂಡೆ.

ತಪ್ಪು ಹುಡುಕಲೆಂದೇ ಕೂತಿದ್ದೆ. ಮೊದಲ ಹಾಡು ಹನ್ನೊಂದು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಮಾತೇ ಇಲ್ಲ. ಇವರಿಗೆ ಹಾಡು ಶುರುಮಾಡಲೂ ಬರುವುದಿಲ್ಲ ಎಂದುಕೊಂಡೆ. ಎರಡನೆಯದರಲ್ಲಿ ಗಿಟಾರ್ ಒಂದು ಕಡೆ, ಮೋಹಿತನ ಡ್ರಮ್ಸ್ ಇನ್ನೊಂದು ಕಡೆ. ತಾಳ ತಪ್ಪಿತು ಎಂದು ಖುಷಿಯಾಯಿತು. ಆದರೆ ಕೈ ತಾನಾಗಿ ತೊಡೆಯ ಮೇಲೆ ಲೆಕ್ಕ ಹಾಕತೊಡಗಿತು. ಗಿಟಾರ್ ಮಿಶ್ರಛಾಪು, ತಕಿಟ ತಕಧಿಮಿ, ಏಳು. ಮೋಹಿತನದು ನಾಲ್ಕು. ಇಪ್ಪತ್ತೆಂಟಕ್ಕೊಮ್ಮೆ ಇಬ್ಬರೂ ಒಟ್ಟಿಗೆ ಬಂದು ಕೂರುತ್ತಾರೆ. ತಪ್ಪಿದ್ದು ಅವರಲ್ಲ, ನಾನು. ಮೂವತ್ತು ವರ್ಷ ಸಂಗೀತ ಪಾಠ ಹೇಳಿದವಳಿಗೆ ಅದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಗೊತ್ತೇ?

ಆಮೇಲೆ ಮೂರನೆಯ ಹಾಡು ಬಂತು. ನೀನು ಕೀಬೋರ್ಡಿನಲ್ಲಿ ಒಂದೇ ಸ್ವರ ಹಿಡಿದಿದ್ದೀಯ. ಅದರ ಮೇಲೆ ಮೋಹನ ರಾಗದ ಆಲಾಪ. ಹೆಂಗಸಿನ ದನಿ. ಯಾರಪ್ಪಾ ಇಷ್ಟು ಸಲೀಸಾಗಿ ಮೇಲೆ ಹೋಗುವವಳು ಎಂದುಕೊಂಡೆ. ನಡುವೆ ಒಂದು ಮಗು ಅತ್ತಿತು, ಹಾಡು ನಿಂತಿತು, ‘ಬಂದೆ ಪುಟ್ಟಾ’ ಎಂದಿತು ಆ ದನಿ. ನಾನೇ. ಅತ್ತವಳು ನೀನು. ಅಟ್ಟದ ಪೆಟ್ಟಿಗೆಯಿಂದ ನಾನು ಹಾಡಿಟ್ಟಿದ್ದ ಆ ಹಳೆಯ ಕ್ಯಾಸೆಟ್ ಯಾವಾಗ ಒಯ್ದೆ? ನಿನ್ನ ಅಳು ನಿಂತ ಕಡೆಯಿಂದಲೇ ಡ್ರಮ್ಸ್ ಮೇಲೆದ್ದು ಬಂತು. ನಾನು ಇಯರ್‌ಫೋನ್ ಕಿತ್ತೆಸೆದೆ.

ಅಂದೇ ನಿನಗೊಂದು ಕಾಗದ ಬರೆದೆ, ನನ್ನ ದನಿಯನ್ನು ತೆಗೆದುಹಾಕು ಎಂದು. ಅಪ್ಪಾಜಿ ಓದಿ, ನನ್ನೆದುರೇ ಹರಿದುಹಾಕಿದರು. ಅವರು ದನಿ ಏರಿಸಿದ್ದನ್ನು ನೀನು ನೋಡಿಲ್ಲ, ನಾನೂ ನೋಡಿರಲಿಲ್ಲ.

“ಅಮ್ಮ ಸ್ನಾನಕ್ಕೆ ಹೋಗಿದಾಳೆ, ಅಮ್ಮ ಮಲಗಿದಾಳೆ ಅಂತ ಇನ್ನೆಷ್ಟು ದಿನ ಸುಳ್ಳು ಹೇಳ್ಲಿ ಮಾರಾಯ್ತಿ? ನೀನು ಹೇಳ್ತೀಯೋ, ನಾನೇ ಹೇಳ್ಲೋ?”

ಹೇಳುತ್ತೇನೆ. ಜುಲೈಯಲ್ಲಿ ಮಂಗಳೂರಿನಲ್ಲಿ ನನ್ನ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆ ತೆಗೆದರು, ಜೀವಕ್ಕೇನೂ ಭಯವಿಲ್ಲ. ಆದರೆ ಈಗ ನಾನು ಪಿಸುಗುಡಬಲ್ಲೆ, ಅಷ್ಟೆ. ಹಾಡುವುದು ಇನ್ನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಜುಲೈಯಿಂದೀಚೆಗೆ ನಿನ್ನ ಫೋನ್ ಎತ್ತದೇ ಇದ್ದದ್ದು ಸಿಟ್ಟಿನಿಂದಲ್ಲ. ತಿಳಿದರೆ ನೀನು ಎಲ್ಲವನ್ನೂ ಬಿಟ್ಟು ಓಡಿಬರುತ್ತಿದ್ದೆ. ಜಗಳದಲ್ಲಿ ಹಾಗೆ ಗೆಲ್ಲುವುದು ನನಗೆ ಬೇಡವಾಗಿತ್ತು.

ನಿನ್ನೆ ಮತ್ತೆ ಕೇಳಿದೆ, ಮೊದಲಿನಿಂದ ಕೊನೆಯವರೆಗೆ, ನಲವತ್ತೆಂಟು ನಿಮಿಷ. ಮೊದಲ ಹಾಡಿನ ಆ ನಾಲ್ಕು ನಿಮಿಷ ಏಕೆ ಬೇಕಿತ್ತೆಂದು ಈಗ ಗೊತ್ತಾಯಿತು. ಅವಸರವಿಲ್ಲದೆ ಬಾಗಿಲು ತೆರೆಯುತ್ತೀರಿ. ಕೊನೆಯ ಹಾಡಿನಲ್ಲಿ ನೀನು ತಾರಸ್ಥಾಯಿಯಲ್ಲಿ ನಿಂತ ಜಾಗವನ್ನು ನಾನು ಕಲಿಸಿದ್ದಲ್ಲ. ಅದು ನಿನ್ನದೇ.

ಭಾನುವಾರ ಬರುತ್ತೇನೆ, ಹಾಡುವುದಕ್ಕಲ್ಲ. ಮೂರನೇ ಹಾಡಿಗೆ ಆ ಕ್ಯಾಸೆಟ್ಟನ್ನೇ ಹಾಕಿ. ನನ್ನನ್ನು ಕಂಡಾಗ ಅಳಬೇಡ, ಹಾಡುವವಳ ಗಂಟಲಿಗೆ ಅದು ಒಳ್ಳೆಯದಲ್ಲ.

ನಿನ್ನ ಅಮ್ಮ,
ಪ್ರೇಮಕುಮಾರಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಎರಡು ವರ್ಷದ ಹಿಂದೆ ಕಳಸದ ಕಛೇರಿಯಲ್ಲಿ ನೀನೇ ಹಾಡಬೇಕೆಂದು ಹಠ ಹಿಡಿದೆನಲ್ಲ, ಆಗಲೇ ನನ್ನ ದನಿ ಒಡೆಯಲು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ನನ್ನ ಜಾಗದಲ್ಲಿ ನಿಲ್ಲಲು ನೀನು ಬೇಕಾಗಿದ್ದೆ. ನೀನು ಬ್ಯಾಂಡ್ ಬಿಡಲಾರೆ ಎಂದಾಗ ನಿಮ್ಮದು ಸಂಗೀತವೇ ಅಲ್ಲ ಎಂದುಬಿಟ್ಟೆ. ಆವತ್ತಿನವರೆಗೆ ನಿಮ್ಮದೊಂದು ಹಾಡನ್ನೂ ನಾನು ಕೇಳಿರಲಿಲ್ಲ.